ಚಂದ್ರಂಪಳ್ಳಿಯ ಮುದುಕಿಯ ಯೋಗಕ್ಷೇಮ

ಭಾಷಣಕಾರರಲ್ಲಿ ಜನರನ್ನು ಎಬ್ಬಿಸುವವರು, ಮಲಗಿಸುವವರು ಎಂದು ಎರಡು ಪಂಗಡಗಳಿವೆ. ನಾನು ಎರಡನೆಯದರ ಹಿರಿಯ ಸದಸ್ಯ. ಚಿಂಚೋಳಿ ತಾಲ್ಲೂಕಿನ ಕೊಡ್ಲಿಯಲ್ಲಿ ಗ್ರಾಮಸೇವಕನಾಗಿದ್ದಾಗ, ಹನುಮಂತದೇವರ ಗುಡಿಯ ಕಟ್ಟೆಯ ಮೇಲೆ ನಿಂತು ‘ಮಹನೀಯರೇ’ ಎಂದರೆ ಸಾಕು, ಮುಂದೆ ಕುಳಿತ ಹಿರಿಯರು ಹೆಗಲ ಮೇಲಿನ ಟವೆಲ್ಲನ್ನು ಮಡಿಸಿ ತಲೆಯ ಕೆಳಗೆ ಇಟ್ಟುಕೊಳ್ಳುತ್ತಿದ್ದರು. ಇದನ್ನು ನಾನು ಬಹುಕಾಲ ಗೌರವವೆಂದೇ ತಿಳಿದಿದ್ದೆ.

ಮಳೆಗಾಲಕ್ಕೆ ಮುಂಚೆ ದನಗಳಿಗೆ ಗಂಟಲುಬೇನೆಯ ಸೂಜಿ ಹಾಕಿಸುವುದು ನನ್ನ ಹೊಣೆ. ಹಿಂದಿನ ವರ್ಷ ನನ್ನ ಭಾಷಣದ ಫಲವಾಗಿ ಸೂಜಿಗೆ ಬಂದದ್ದು ಒಂದೇ ಎತ್ತು. ಅದೂ ಹಗ್ಗ ಹರಿದುಕೊಂಡು ದಾರಿ ತಪ್ಪಿ ಬಂದದ್ದು. ಆಮೇಲೆ ಬೇನೆ ಬಂದು ಎಷ್ಟೋ ಕೊಟ್ಟಿಗೆಗಳು ಬರಿದಾದವು. ಈ ಸಲವೂ ಹಾಗಾದರೆ ಊರಿಗೆ ಮುಖ ತೋರಿಸುವಂತಿರಲಿಲ್ಲ. ಆದ್ದರಿಂದ ರೊಟ್ಟಿ ಬಡಿಯುತ್ತಿದ್ದ ಹೆಂಡತಿಯ ಎದುರು ನಿಂತು ಅಭ್ಯಾಸಕ್ಕೆ ತೊಡಗಿದೆ. ‘ಜಾನುವಾರುಗಳ ಆರೋಗ್ಯವೇ ರಾಷ್ಟ್ರದ ಸಂಪತ್ತು’ ಎನ್ನುವಷ್ಟರಲ್ಲಿ ಅವಳು ಆಕಳಿಸಿದಳು.

“ಜಾನುವಾರು ಅಂದ್ರ ಯಾರ ಕಣ್ಣಾಗ ನೀರ್ ಬರ್ತಾವ್ರಿ? ಒಂದು ಎಮ್ಮಿ ಅನ್ರಿ. ಅದಕ್ಕೊಂದು ಹೆಸರಿಡ್ರಿ. ಸಾಕಿದಾಕಿ ಒಬ್ಬಾಕಿ ಇರ್ಲಿ.”

“ಆಮ್ಯಾಲ?”

“ಆಮ್ಯಾಲ ನೀವು ಬಾಯಿ ಮುಚ್ರಿ. ಅಳೋದು ಅವರು ನೋಡ್ಕೋತಾರ.”

ಮರುದಿನ ಕಟ್ಟೆ ಹತ್ತಿ, ಮಹನೀಯರನ್ನು ಕೈಬಿಟ್ಟು, ಚಂದ್ರಂಪಳ್ಳಿಯ ಮಲ್ಲಮ್ಮ ಎಂಬ ಮುದುಕಿಯಿಂದ ಶುರುಮಾಡಿದೆ. ಯಾರೂ ಹೋಗಿ ವಿಚಾರಿಸಲಾರರೆಂದು ದೂರದ ಊರನ್ನೇ ಆರಿಸಿದ್ದೆ. ಮುದುಕಿಗೆ ಮಕ್ಕಳಿಲ್ಲ, ಕರೆವ್ವ ಎಂಬ ಎಮ್ಮೆಯನ್ನೇ ಮಗಳಂತೆ ಸಾಕಿದ್ದಳು. ಸೂಜಿ ಬೇಡವೆಂದಳು; ಮೊನ್ನೆ ಬೇನೆ ಬಂತು; ಸತ್ತ ಕರೆವ್ವನ ಕೊರಳ ಗಂಟೆ ಬಿಚ್ಚಿ ಸೆರಗಿಗೆ ಕಟ್ಟಿಕೊಂಡಳು. ಗಂಟೆಯ ಮಾತು ಮುಗಿಸಿ, ಹೆಂಡತಿ ಹೇಳಿದಂತೆ ಬಾಯಿ ಮುಚ್ಚಿದೆ. ಕೆಳಗೆ ನೋಡಿದರೆ ಟವೆಲ್ಲುಗಳೆಲ್ಲ ಕಣ್ಣುಗಳ ಮೇಲಿದ್ದವು.

ಸೂಜಿಯ ದಿನ ಊರ ದನಗಳೆಲ್ಲ ಸಾಲುಗಟ್ಟಿದವು. ನಾನು ಎದೆಯುಬ್ಬಿಸಿ ನಿಂತಿರುವಾಗ, ಗುಡಿಯ ಪಕ್ಕದ ಮನೆಯ ಶರಣಮ್ಮ ಬಂದು ನನ್ನ ಕೈಗೊಂದು ಬುತ್ತಿಗಂಟು ಇತ್ತರು.

“ಸಾವಾದ ಮನ್ಯಾಗ ಒಲಿ ಹಚ್ಚಂಗಿಲ್ಲ, ಗ್ರಾಮಸೇವಕ್ರ. ಪಾಪ, ಮುದುಕಿ ಏನ್ ತಿಂತಾಳ? ರೊಟ್ಟಿ, ಪುಂಡಿಪಲ್ಯ ಅದಾವ. ನಿಮ್ಮ ಸೈಕಲ್ ಮ್ಯಾಲ ಒಯ್ದು ಮುಟ್ಟಿಸ್ರಿ.”

“ಸತ್ತದ್ದು ಎಮ್ಮಿ ಅಲ್ಲೇನಮ್ಮಾ?”

“ಮಗಳಿದ್ದಂಗ ಅಂತ ನೀವ ಹೇಳೀರಲ್ರಿ!”

ಮುದುಕಿಯೇ ಇಲ್ಲವೆಂದರೆ ಸಾಲಿನಲ್ಲಿದ್ದ ಅರ್ಧ ದನಗಳು ಅಲ್ಲಿಂದಲೇ ಮನೆಗೆ ತಿರುಗುತ್ತಿದ್ದವು. ತೆಪ್ಪಗೆ ಗಂಟು ಪಡೆದೆ. ಸಂಜೆ ದನದ ಡಾಕ್ಟರರೂ ನಾನೂ ಊರಾಚೆಯ ಹುಣಸೆಮರದ ಕೆಳಗೆ ಕುಳಿತು ಅದನ್ನು ಶೋಕಪೂರ್ವಕವಾಗಿ ಮುಗಿಸಿದೆವು. ಪಲ್ಯ ಭಾಳ ಚೆನ್ನಾಗಿತ್ತು.

ಆ ಮಳೆಗಾಲ ಕೊಟ್ಟಿಗೆಗಳು ತುಂಬಿಯೇ ಉಳಿದವು. ಮುದುಕಿಯೂ ಉಳಿದಳು. ಎಲ್ಲಿ ಸೈಕಲ್ ಇಳಿದರೂ “ಮಲ್ಲಮ್ಮ ಹ್ಯಾಂಗದಾಳ್ರಿ?” ಎಂಬ ವಿಚಾರಣೆ. ಅವಳಿಗೆ ನೆಗಡಿ ಬರಿಸಿದೆ, ಗುಣಪಡಿಸಿದೆ, ಒಂದು ಎಮ್ಮೆಗರು ಕೊಡಿಸಿದೆ, ಅದಕ್ಕೆ ತಪ್ಪದೆ ಸೂಜಿ ಹಾಕಿಸಿದೆ. ಸ್ವಂತ ಅತ್ತೆಯ ಆರೋಗ್ಯದ ಬಗ್ಗೆ ನಾನು ಇಷ್ಟು ತಲೆಕೆಡಿಸಿಕೊಂಡವನಲ್ಲ; ಇದನ್ನು ಹೆಂಡತಿ ಆಗಾಗ ಜ್ಞಾಪಿಸುತ್ತಿದ್ದಳು.

ಕೊನೆಗೆ ಸೇಡಂಗೆ ವರ್ಗವಾಯಿತು. ಬೀಳ್ಕೊಡುವ ಸಭೆಯಲ್ಲಿ ಹಾರ ಹಾಕಿಸಿಕೊಂಡು, ಹೊಗಳಿಕೆಗೆ ತಕ್ಕ ವಿನಯದ ಮುಖ ಮಾಡಿಕೊಂಡು ಕುಳಿತೆ. ಶರಣಮ್ಮ ಎದ್ದು ನಿಂತರು. ಸೆರಗು ಕಣ್ಣಿಗೊತ್ತಿಕೊಂಡರು. ನನ್ನ ಎದೆ ತುಂಬಿಬಂತು.

“ನೀವು ಸೇಡಂಕ ಹೋಗ್ರಿ ಸಾಹೇಬ್ರ, ನಮ್ದೇನೂ ಅಡ್ಡಿ ಇಲ್ಲ. ಆದ್ರ ಆ ಮುದುಕಿಗಿ ಇನ್ ಯಾರ್ ದಿಕ್ಕು?”

ಸಭೆಯೆಲ್ಲ ಕಣ್ಣೊರೆಸಿಕೊಂಡಿತು. ಹೊಟ್ಟೆಕಿಚ್ಚಿನಿಂದ ನನ್ನ ಕಣ್ಣಲ್ಲೂ ನೀರು ಬಂತು.