ಮೂರು ಗೆರೆ, ನಾಲ್ಕು ಟೈರು

ಟೈರಿನ ವಿಷಯದಲ್ಲಿ ಇಡೀ ಮೈಸೂರಿನಲ್ಲಿ ನನಗಿಂತ ತಿಳಿದವರು ಒಬ್ಬರೇ ಇದ್ದರು. ನಮ್ಮ ಮೇಸ್ತ್ರಿ ಸಿದ್ದೇಗೌಡರು. ಅವರಿಗೂ ಆಗಲೇ ಕಣ್ಣು ಮಂಜಾಗಿತ್ತು. ಹಾಗಾಗಿ ನಾನೇ ಮೊದಲನೆಯವನು ಎಂದು ನಂಬಿದ್ದೆ. ಆ ನಂಬಿಕೆ ಒಂದು ಭಾನುವಾರ ಬೆಳಗ್ಗೆ ಹತ್ತು ಗಂಟೆಯವರೆಗೆ ಗಟ್ಟಿಯಾಗಿತ್ತು.

ನಾನು ಓದಿದ್ದು ನಾಲ್ಕನೇ ಕ್ಲಾಸು. ಆಮೇಲೆ ಅವ್ವನ ಜೊತೆ ಹಳ್ಳಿ ಬಿಟ್ಟು ಬಂದು ಸಿದ್ದೇಗೌಡರ ಟೈರ್ ಅಂಗಡಿ ಸೇರಿದೆ. ಎಂಟು ವರ್ಷ ಪಂಕ್ಚರ್ ಹಾಕಿದೆ. ಅಂಗಡಿ ಬಾಗಿಲಲ್ಲಿ ಒಂದು ಮರದ ಸ್ಟೂಲು ಇತ್ತು. ಬಂದ ಟೈರು ಇನ್ನೂ ಓಡುತ್ತದೋ, ಹೊಸ ರಬ್ಬರು ಹಾಕಿಸಬೇಕೋ, ಎಸೆಯಬೇಕೋ ಎಂದು ಹೇಳುವವರು ಮಾತ್ರ ಅದರ ಮೇಲೆ ಕೂರಬೇಕು. ಹತ್ತು ಬಸ್ಸಿನ ಸಾಹುಕಾರರೂ ಆ ಸ್ಟೂಲಿನ ಮುಂದೆ ಬಾಯಿ ಮುಚ್ಚಿಕೊಂಡು ನಿಲ್ಲುತ್ತಿದ್ದರು. ನನಗೆ ಆ ಸ್ಟೂಲು ಬೇಕಿತ್ತು. ಬೇರೇನೂ ಬೇಕಿರಲಿಲ್ಲ.

ಲಕ್ಷ್ಮೀಪುರಂನ ಒಬ್ಬ ಡಾಕ್ಟರು ನಮ್ಮ ಗಿರಾಕಿ. ವಾರವೆಲ್ಲ ಜನರ ನಾಡಿ ಹಿಡಿಯುತ್ತಿದ್ದ ಆ ಮನುಷ್ಯ ಭಾನುವಾರ ಸ್ಟೇರಿಂಗ್ ಹಿಡಿದರೆ ಬೇರೆಯೇ ಆಗಿಬಿಡುತ್ತಿದ್ದರು. ಚಾಮುಂಡಿಬೆಟ್ಟದ ಆಚೆ ಗಟ್ಟಿ ಕೆಮ್ಮಣ್ಣಿನ ಬಯಲಿನಲ್ಲಿ ಇಂಥ ಹವ್ಯಾಸದವರು ಆರೇಳು ಜನ ಸೇರಿ ಕಾರಿನ ರೇಸು ಇಟ್ಟಿದ್ದರು. ಹತ್ತು ಸುತ್ತು. ತಿರುವುಗಳಲ್ಲಿ ಹುಲ್ಲಿನ ಹೊರೆ. ಹಿಂದಿನ ಸಲ ಟೈರು ಕೈಕೊಟ್ಟು ಡಾಕ್ಟರು ಕೊನೆಯವರಾಗಿದ್ದರು. ಈ ಸಲ ಟೈರು ನೋಡಿಕೊಳ್ಳಲು ಒಬ್ಬನನ್ನು ಕೊಡಿ ಎಂದು ಸಿದ್ದೇಗೌಡರನ್ನು ಕೇಳಿದರು.

ಗೌಡರು ನನ್ನ ಕಡೆ ನೋಡಿ ಹೇಳಿದರು: "ಹೋಗ್ಲಾ. ಟೈರು ತೊಂದ್ರೆ ಇಲ್ದೆ ಕಾರು ಹತ್ತು ಸುತ್ತು ಮುಗಿಸ್ಲಿ. ಸೋಮವಾರದಿಂದ ಸ್ಟೂಲು ನಿಂದು."

ಅವತ್ತು ರಾತ್ರಿ ನನಗೆ ಊಟ ಸೇರಲಿಲ್ಲ.

ಮೊದಲ ಕೆಲಸ ಚೆನ್ನಾಗಿಯೇ ಆಯಿತು. ಅದನ್ನು ಹೇಳಲೇಬೇಕು, ಯಾಕೆಂದರೆ ಮುಂದೆ ಹೇಳಿಕೊಳ್ಳುವಂಥದ್ದು ಏನೂ ಇಲ್ಲ. ಡಾಕ್ಟರಿಗೆ ಹೊಸ ಟೈರಿನ ಆಸೆ. ನಾನು ಬೇಡ ಎಂದೆ. ಹೊಸ ಟೈರಿನ ರಬ್ಬರು ದಪ್ಪ, ಜೋರಾಗಿ ತಿರುಗಿಸಿದರೆ ಅಲುಗಾಡುತ್ತದೆ. ಪೂರ್ತಿ ಸವೆದದ್ದು ಜಾರುತ್ತದೆ. ಅರ್ಧ ಸವೆದದ್ದೇ ನೆಲ ಹಿಡಿಯುವುದು. ಅಂಗಡಿಯ ರಾಶಿಯಲ್ಲಿ ಒಂದೊಂದಕ್ಕೂ ಹೆಬ್ಬೆರಳಿನ ಉಗುರು ಒತ್ತಿ ನೋಡಿದೆ. ಉಗುರಿನ ಗುರುತು ತಕ್ಷಣ ಮಾಯವಾದರೆ ರಬ್ಬರಿಗೆ ಜೀವ ಇದೆ ಎಂದು ಅರ್ಥ. ಹಾಗೆ ನಾಲ್ಕು ಆರಿಸಿದೆ. ಗೌಡರು ಕಣ್ಣು ಮುಚ್ಚಿಕೊಂಡು ಕೈಯಾಡಿಸಿ, ಹೂಂ ಎಂದರು. ಆ ಹೂಂ ನನ್ನ ತಲೆಗೆ ಏರಿತು.

ಗಾಳಿ ನೋಡುವ ಉಪಾಯವನ್ನೂ ಅವರೇ ಹೇಳಿಕೊಟ್ಟರು. ಟೈರಿನ ನೆಲ ತಾಗುವ ಮೈಯಿಂದ ನೆಲ ತಾಗದ ಪಕ್ಕದವರೆಗೆ ಸೀಮೆಸುಣ್ಣದಲ್ಲಿ ಒಂದು ಗೆರೆ ಎಳೆಯಬೇಕು. ಕಾರನ್ನು ಜೋರಾಗಿ ಎರಡು ಸುತ್ತು ಓಡಿಸಬೇಕು. ಗೆರೆ ಅಂಚಿನವರೆಗೆ ಅಳಿಸಿದ್ದರೆ ಗಾಳಿ ಸರಿ. ನಡುವೆ ಮಾತ್ರ ಅಳಿಸಿದ್ದರೆ ಗಾಳಿ ಜಾಸ್ತಿ, ಬಿಡಬೇಕು. ಪಕ್ಕಕ್ಕೂ ಇಳಿದು ಅಳಿಸಿದ್ದರೆ ಗಾಳಿ ಕಮ್ಮಿ, ತುಂಬಬೇಕು. ಇಷ್ಟೇ. ಡಾಕ್ಟರು ಗಾಳಿ ಅಳೆಯುವ ಒಂದು ಗೇಜನ್ನೂ ಕೊಟ್ಟರು. ಅಂಕಿ ನೋಡಿ ಟೈರು ತಿಳಿಯುವುದು ಓದಿದವರ ಶೋಕಿ ಎಂದುಕೊಂಡು ಜೇಬಿಗೆ ಹಾಕಿಕೊಂಡೆ. ಅದು ಸಂಜೆಯವರೆಗೂ ಜೇಬಿನಲ್ಲೇ ಇತ್ತು.

ಭಾನುವಾರ ಬೆಳಗ್ಗೆ ಅವ್ವನೂ ಜೊತೆಗೆ ಬಂದಳು. ತಿಂಡಿ ಕೊಡಲು ಎಂದಳು. ಅವಳ ಚೀಲ ತಿಂಡಿಗಿಂತ ದೊಡ್ಡದಿತ್ತು. ನಾನು ಕೇಳಲಿಲ್ಲ.

ಗೌಡರು ಒಂದು ಗೆರೆ ಅಂದಿದ್ದರು. ನಾನು ಮೂರು ಎಳೆದೆ. ಒಂದು ಗೆರೆಯಲ್ಲಿ ಅಷ್ಟು ತಿಳಿಯುವುದಾದರೆ ಮೂರರಲ್ಲಿ ಇನ್ನೆಷ್ಟು ತಿಳಿಯಬಹುದು! ಡಾಕ್ಟರು ಎರಡು ಸುತ್ತು ಓಡಿಸಿ ಬಂದು ಕಾರು ನಿಲ್ಲಿಸಿದರು. ಆಗಲೇ ಗೆರೆ ನೋಡಬೇಕಿತ್ತು. ಆದರೆ ಪಕ್ಕದಲ್ಲಿ ಹುಣಸೂರಿನ ಹೊಗೆಸೊಪ್ಪಿನ ಸಾಹುಕಾರರ ಮಗ ಫಳಫಳ ಹೊಳೆಯುವ ಹೊಸ ಟೈರು ಹಾಕಿಕೊಂಡು ಬಂದಿದ್ದ. ನನ್ನ ಕೈಲಿ ತಡೆಯಲಾಗಲಿಲ್ಲ. ಹೋಗಿ ಆ ಟೈರಿಗೆ ಉಗುರು ಒತ್ತಿ, ಹೊಸ ಟೈರಿನ ದೋಷಗಳ ಬಗ್ಗೆ ಕಾಲು ಗಂಟೆ ಭಾಷಣ ಮಾಡಿದೆ. ಅವನು ಕೇಳಿಸಿಕೊಂಡ. ಕೇಳಿಸಿಕೊಳ್ಳುವವರು ಸಿಕ್ಕರೆ ನಾನು ಕೆಟ್ಟೆ.

ವಾಪಸ್ ಬಂದು ಟೈರಿನ ಮುಂದೆ ಕುಕ್ಕರಗಾಲಲ್ಲಿ ಕೂತೆ. ನಡುವೆ ಗೆರೆಯ ಸುಳಿವೇ ಇಲ್ಲ. ಪಕ್ಕದಲ್ಲಿ ಮೂರೂ ಗೆರೆ ಎದ್ದು ಕಾಣುತ್ತಿವೆ, ಆಗ ತಾನೇ ಎಳೆದ ಹಾಗೆ. ಆ ಗೆರೆಗಳ ಮಧ್ಯೆ ಒಂದು ಕೆಂಪು ಚುಕ್ಕೆ. ಬಯಲಿನ ಕೆಮ್ಮಣ್ಣು ಅಂಟಿದೆ ಎಂದುಕೊಂಡೆ. ನಾಲ್ಕೂ ಟೈರು ನೋಡಿದೆ. ನಾಲ್ಕರಲ್ಲೂ ಮೂರು ಗೆರೆ, ನಾಲ್ಕರಲ್ಲೂ ಒಂದೇ ಜಾಗದಲ್ಲಿ ಕೆಮ್ಮಣ್ಣು! ಇಷ್ಟು ಸಮನಾಗಿ ಓಡುವ ನಾಲ್ಕು ಟೈರು ಆರಿಸಿದ ನನ್ನ ಕೈಯನ್ನು ನಾನೇ ಒಂದು ಸಲ ನೋಡಿಕೊಂಡೆ.

ಆಮೇಲೆ ತೀರ್ಪು ಕೊಟ್ಟೆ. "ಗಾಳಿ ಜಾಸ್ತಿ ಅದೆ ಡಾಕ್ಟ್ರೇ. ಅಂಚು ನೆಲ ಮುಟ್ತಾನೇ ಇಲ್ಲ."

"ಗೇಜು ಏನನ್ನುತ್ತೆ?"

"ಗೇಜು ಯಾಕ್ ಸಾರ್, ನಾನಿಲ್ವಾ."

ಗಾಳಿ ಬಿಟ್ಟೆ. ಡಾಕ್ಟರು ಮತ್ತೆ ಅರ್ಧ ಸುತ್ತು ಹೋಗಿ ಬಂದರು. ಗೆರೆ ಹಾಗೇ ಇತ್ತು. ಇನ್ನಷ್ಟು ಬಿಟ್ಟೆ. ಮತ್ತೆ ಹೋಗಿ ಬಂದರು. ಕಾರು ಯಾಕೋ ಗಂಜಿಯ ಮೇಲೆ ಹೋದ ಹಾಗೆ ಹೋಗುತ್ತಿದೆ ಎಂದರು. ಗಂಜಿ ಅಲ್ಲ, ಅದು ನೆಲ ಹಿಡಿಯುವ ಲಕ್ಷಣ ಎಂದು ಸಮಾಧಾನ ಹೇಳಿದೆ. ಮೂರನೇ ಸಲ ಬಿಟ್ಟಾಗ ಕೊನೆಯ ಗೆರೆ ಸ್ವಲ್ಪ ಮಾಸಿತು. ನನಗೆ ಕುಣಿಯುವಷ್ಟು ಸಂತೋಷವಾಯಿತು. ಅವ್ವ ದೂರದಲ್ಲಿ ಕೂತು ಕೈಮುಗಿಯುತ್ತಿದ್ದಳು. ನನ್ನ ಕೆಲಸ ನೋಡಿಯೇ ಇರಬೇಕು ಎಂದುಕೊಂಡೆ.

ರೇಸು ಶುರುವಾಯಿತು. ನಿಜ ಹೇಳುತ್ತೇನೆ, ಐದು ಸುತ್ತು ನಮ್ಮ ಕಾರು ಮೂರನೇ ಜಾಗದಲ್ಲಿತ್ತು. ಟೈರು ಒಳ್ಳೆಯದಿತ್ತಲ್ಲ! ನಾನು ಆಗಲೇ ಮನಸ್ಸಿನಲ್ಲಿ ಸ್ಟೂಲಿನ ಮೇಲೆ ಕೂತು ಕಾಲು ಅಲ್ಲಾಡಿಸುತ್ತಿದ್ದೆ. ಆರನೇ ಸುತ್ತಿನ ದೊಡ್ಡ ತಿರುವಿನಲ್ಲಿ ಡಾಕ್ಟರು ಎಡಕ್ಕೆ ತಿರುಗಿಸಿದರು. ಕಾರು ಎಡಕ್ಕೆ ತಿರುಗಿತು. ಮುಂದಿನ ಬಲಗಡೆಯ ಟೈರು ಮಾತ್ರ ತಿರುಗಲಿಲ್ಲ. ರಿಮ್ಮಿನಿಂದ ಕಳಚಿಕೊಂಡಿತು. ಟ್ಯೂಬು ಬಲೂನಿನ ಹಾಗೆ ಹೊರಗೆ ಉಬ್ಬಿ ಢಮ್ ಎಂದಿತು. ಕಾರು ಹಾಯಾಗಿ ಹೋಗಿ ಹುಲ್ಲಿನ ಹೊರೆಯೊಳಗೆ ಮುಖ ಹುದುಗಿಸಿತು.

ನಾನು ಓಡಿದೆ. ಡಾಕ್ಟರು ತಲೆ ತುಂಬ ಹುಲ್ಲು ಹೊತ್ತುಕೊಂಡು ಇಳಿದರು. ಒಂದು ಗಾಯವೂ ಇಲ್ಲ. ನೇರವಾಗಿ ಹಿಂದಿನ ಟೈರಿನ ಬಳಿ ಹೋಗಿ ಗೆರೆಯ ಮೇಲೆ ಬೆರಳಾಡಿಸಿದರು. ಮೂಸಿದರು.

"ಇದು ಸೀಮೆಸುಣ್ಣ ಅಲ್ವಲ್ಲಯ್ಯ," ಎಂದರು. "ವಿಭೂತಿ."

ಅಷ್ಟರಲ್ಲಿ ಅವ್ವ ಸೆರಗು ಹಿಡಿದುಕೊಂಡು ಬಂದಳು. "ನಾನೇ ಕಣ್ರಪ್ಪ ಹಚ್ಚಿದ್ದು. ಪೂಜೆ ಇಲ್ದೆ ಗಾಡಿ ಬುಡೋಕಾಯ್ತದಾ? ಇವ್ನು ಯಾರ್ ಜೊತೆನೋ ಹರಟೆ ಹೊಡೀತಿದ್ದ. ಟೈರ್ ಮೇಲೆಲ್ಲ ಯಾರೋ ಗೀಚಿದ್ರು. ಒದ್ದೆ ಬಟ್ಟೇಲಿ ಒರ್ಸಿ, ಚೆನ್ನಾಗಿ ಕಲ್ಸಿ ಹಚ್ಚಿದೆ, ಕುಂಕುಮ ಇಟ್ಟೆ."

ನೀರಿನಲ್ಲಿ ಕಲಸಿ ಹಚ್ಚಿದ ವಿಭೂತಿ ಒಣಗಿ ಕೂತರೆ ಅಷ್ಟು ಸುಲಭಕ್ಕೆ ಹೋಗುತ್ತದೆಯೇ? ಅದೂ ನೆಲ ತಾಗದ ಪಕ್ಕದಲ್ಲಿ! ಅದನ್ನು ಅಳಿಸಲು ನಾನು ನಾಲ್ಕೂ ಟೈರಿನ ಉಸಿರು ತೆಗೆದಿದ್ದೆ.

"ಅದ್ಕೇ ನೋಡಿ ಡಾಕ್ಟ್ರೇ, ನಿಮ್ಗೆ ಒಂದ್ ಗೀರೂ ಆಗ್ಲಿಲ್ಲ," ಎಂದಳು ಅವ್ವ.

ಡಾಕ್ಟರು ನನ್ನನ್ನು ನೋಡಿದರು, ಅವ್ವನನ್ನು ನೋಡಿದರು, ಹುಲ್ಲಿನ ಮೇಲೆ ಕೂತು ನಗಲು ಶುರು ಮಾಡಿದರು. ಅವರು ಬೈದಿದ್ದರೆ ಚೆನ್ನಾಗಿತ್ತು. ಹೊಗೆಸೊಪ್ಪಿನ ಸಾಹುಕಾರರ ಮಗ ತನ್ನ ಹೊಸ ಟೈರಿನಲ್ಲೇ ಗೆದ್ದ. ಹೋಗುವಾಗ ನನ್ನ ಭಾಷಣಕ್ಕೆ ಥ್ಯಾಂಕ್ಸ್ ಹೇಳಿದ.

ಸ್ಟೆಪ್ನಿ ಹಾಕಿಕೊಂಡು ವಾಪಸ್ ಬರುವ ದಾರಿಯಲ್ಲಿ ಡಾಕ್ಟರು ದೊಡ್ಡ ಮನಸ್ಸು ಮಾಡಿದರು. ತಿರುವಿನಲ್ಲಿ ನಾನೇ ಜಾಸ್ತಿ ಜೋರಾಗಿ ಹೋದೆ ಎಂದು ಗೌಡರಿಗೆ ಹೇಳುತ್ತೇನೆ, ನಿನ್ನ ಸ್ಟೂಲಿಗೆ ಕಲ್ಲು ಹಾಕುವುದಿಲ್ಲ ಎಂದರು. ನಾನು ಆಗಲಿ ಎಂದೆ. ಅಂಗಡಿ ಮುಂದೆ ಇಳಿದಾಗ ಗೌಡರು ಆ ಸ್ಟೂಲಿನ ಮೇಲೆ ಕೂತು, ಕಾಣದ ಕಣ್ಣನ್ನು ಕಿರಿದು ಮಾಡಿ ನಮ್ಮ ಕಡೆ ನೋಡುತ್ತಿದ್ದರು. ಡಾಕ್ಟರು ಬಾಯಿ ತೆಗೆದರು. ಅಷ್ಟರಲ್ಲಿ ನಾನೇ ಎಲ್ಲ ಕಕ್ಕಿಬಿಟ್ಟೆ. ಸೀಮೆಸುಣ್ಣ, ಭಾಷಣ, ವಿಭೂತಿ, ಜೇಬಿನ ಗೇಜು, ಒಂದನ್ನೂ ಬಿಡಲಿಲ್ಲ.

ಗೌಡರು ಕಳಚಿದ ಟೈರನ್ನು ತೊಡೆಯ ಮೇಲೆ ಇಟ್ಟುಕೊಂಡು ಸುತ್ತಲೂ ಕೈಯಾಡಿಸಿದರು. ಉಗುರು ಒತ್ತಿದರು.

"ಟೈರ್ ಆರ್ಸಿದ್ದು ಸರ್ಯಾಗೇ ಅದೆ ಕಣ್ಲಾ," ಎಂದರು. "ಗಾಳಿ ನೋಡಿದ್ದು ದಂಡ. ಗಾಳಿ ನೋಡೋದು ಕಲೀಬೋದು. ನಂದೇ ತಪ್ಪು ಅನ್ನೋದು ಕಲ್ಸಕ್ಕಾಗಲ್ಲ. ನಾಳೆಯಿಂದ ಬೆಳಗ್ಗೆ ಹೊತ್ತು ಕೂತ್ಕೋ. ಆದ್ರೆ ಆ ಗೇಜು ಕುತ್ತಿಗೇಲಿರ್ಲಿ."

ಸೋಮವಾರ ಬೆಳಗ್ಗೆ ಒಗೆದ ಖಾಕಿ ಪ್ಯಾಂಟು ಹಾಕಿಕೊಂಡೆ. ದಾರದಲ್ಲಿ ಗೇಜು ಕಟ್ಟಿ ತಾಳಿಯ ಹಾಗೆ ಕುತ್ತಿಗೆಗೆ ಹಾಕಿಕೊಂಡೆ. ಅಂಗಡಿಗೆ ಹೋಗಿ, ಅತ್ತ ಇತ್ತ ನೋಡದೆ, ಸ್ಟೂಲಿನ ಮೇಲೆ ಕೂತೆ. ಬಂದ ಒಂದೊಂದು ಟೈರಿಗೂ ಎದ್ದು ಹೋಗಿ ಬಗ್ಗಿ ಉಗುರು ಒತ್ತಿದೆ, ಗೇಜು ಹಿಡಿದೆ, ತೀರ್ಪು ಕೊಟ್ಟೆ. ಒಂದೂ ತಪ್ಪಲಿಲ್ಲ. ಗಿರಾಕಿಗಳೆಲ್ಲ ಹಿಂದೆ ನಿಂತು ನಗುನಗುತ್ತಾ ಇದ್ದರು. ಹೊಸ ಮೇಸ್ತ್ರಿ ಅಂದರೆ ಜನಕ್ಕೆ ಎಷ್ಟು ಪ್ರೀತಿ ಎಂದುಕೊಂಡೆ.

ಮಧ್ಯಾಹ್ನ ಊಟಕ್ಕೆ ಮನೆಗೆ ಹೋದಾಗ ಅವ್ವ ಕೇಳಿದಳು, ಬೆಳಗ್ಗೆ ನಿನಗಿಂತ ಮೊದಲೇ ಅಂಗಡಿಗೆ ಹೋಗಿ ಸ್ಟೂಲಿಗೆ ಪೂಜೆ ಮಾಡಿ ಬಂದಿದ್ದೆನಲ್ಲ, ನೋಡಿದೆಯಾ ಎಂದು.

ನಾನು ನಿಧಾನವಾಗಿ ಕೈ ಹಿಂದಕ್ಕೆ ಹಾಕಿ ಪ್ಯಾಂಟು ಮುಟ್ಟಿ, ಕತ್ತು ತಿರುಗಿಸಿ ನೋಡಿಕೊಂಡೆ.

ಮೂರು ಗೆರೆ. ನಡುವೆ ಕುಂಕುಮ. ಅಂಚಿನವರೆಗೂ ಸಮನಾಗಿ ಅಂಟಿತ್ತು.