ಮೂಳೆ ಡಾಕ್ಟರು ನಾಯಕರಾದದ್ದು

ಆಕಳಿಕೆ ಬಂದರೆ ಎರಡೂ ಕೈ ಮೇಲೆತ್ತಿ ಮೈ ಮುರಿಯುವುದು ಮೂಳೆ ಡಾಕ್ಟರ ಅಭ್ಯಾಸ. ಆಸ್ಪತ್ರೆಯ ಬೆಳಗಿನ ಸಭೆಯಲ್ಲಿ ಅವರು ಹಾಗೆ ಕೈ ಎತ್ತಿದ ಗಳಿಗೆಗೇ ನಿರ್ದೇಶಕರು, "ಇವತ್ತಿನ ನಾಯಕತ್ವ ತರಬೇತಿಗೆ ಯಾರು ಬರ್ತೀರಿ?" ಎಂದು ಕೇಳಿಬಿಟ್ಟಿದ್ದರು.

"ನೋಡಿ, ಉತ್ಸಾಹ ಅಂದ್ರೆ ಇದು! ಎರಡೂ ಕೈ!" ನಿರ್ದೇಶಕರು ಮೇಜು ಕುಟ್ಟಿದರು.

"ಸರ್, ನಂಗೆ ಆಪರೇಷನ್ ಇದೆ. ಸೊಂಟ ಮುರ್ಕೊಂಡಿರೋ ಅಜ್ಜಿ ಬೆಳಗ್ಗೆಯಿಂದ ಬರೀ ಹೊಟ್ಟೇಲಿ ಕಾಯ್ತಿದಾರೆ."

"ಸೊಂಟ ಎಲ್ಲಿಗೂ ಓಡಿಹೋಗಲ್ಲ ಬಿಡಿ."

ಹೊರಗೆ ಬರುತ್ತಿದ್ದಂತೆ ಚರ್ಮದ ಡಾಕ್ಟರು ಕಿವಿಯಲ್ಲಿ ಉಸುರಿದರು: "ಹುಷಾರು ಮಾರಾಯ್ರೆ. ಇದ್ರಲ್ಲಿ ಫೇಲಾದೋರಿಗೆ ಥಿಯೇಟರ್ ಬಾಗಿಲೇ ಬಂದ್ ಅಂತೆ."

ಆಪರೇಷನ್ ಥಿಯೇಟರ್ ಬಿಟ್ಟರೆ ಮೂಳೆ ಡಾಕ್ಟರ ಮಾತು ನಡೆಯುವ ಜಾಗ ಭೂಮಿಯ ಮೇಲೆ ಇನ್ನೊಂದಿರಲಿಲ್ಲ. ಮನೆಯಲ್ಲಂತೂ ಹೆಂಡತಿ ತೋರಿಸಿದ ಕುರ್ಚಿಯಲ್ಲೇ ಕೂರುತ್ತಿದ್ದರು. ಏನಾದರಾಗಲಿ, ಪಾಸಾಗಲೇಬೇಕು ಎಂದು ನಿಶ್ಚಯಿಸಿದರು.

ಸಭಾಂಗಣದಲ್ಲಿ ತರಬೇತುದಾರ ಇಸ್ತ್ರಿ ಮಾಡಿದ ನಗು ತೊಟ್ಟು ನಿಂತಿದ್ದ. ಹಿಂದಿನ ವಾರ ಬಿಸ್ಕತ್ತು ಮಾರುವವರಿಗೆ ಕಲಿಸಿದ್ದನ್ನೇ ಈಗ ಡಾಕ್ಟರುಗಳಿಗೆ ಕಲಿಸಲು ತಂದಿದ್ದ. ಅರ್ಧ ಆಯುಷ್ಯ ಓದಿನಲ್ಲೇ ಕಳೆದ ಜನ ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತು ಕಾಗದದ ಲೋಟಗಳ ಗೋಪುರ ಕಟ್ಟತೊಡಗಿದರು. ಮೂಳೆ ಡಾಕ್ಟರದು ಎತ್ತರಕ್ಕೆ ಏರಿತ್ತು. ಚರ್ಮದ ಡಾಕ್ಟರು ಸಲಹೆ ಕೊಡಲು ಬಂದು ಮೊಣಕೈ ತಾಗಿಸಿ ಬೀಳಿಸಿದರು. ಹಿಂದಿನ ಸಾಲಿನಲ್ಲಿ ಕಿರಿಯ ಮೂಳೆ ಡಾಕ್ಟರು ಹಳೇ ಪಂಪ್‌ಸೆಟ್ಟಿನಂತೆ ಗೊರಕೆ ಹೊಡೆಯುತ್ತಿದ್ದರು. ಪಾಪ, ಇವನ ಕತೆ ಮುಗೀತು ಎಂದು ಹಿರಿಯ ಮೂಳೆ ಡಾಕ್ಟರು ಮರುಗಿದರು.

ಅಷ್ಟರಲ್ಲಿ ಅಜ್ಜಿಯ ಅಳಿಯನ ಫೋನು. "ಡಾಕ್ಟ್ರೇ, ಅತ್ತೆ ಹಸಿವು ತಡೀಲಾರದೆ ನನ್ನೇ ತಿಂದು ಹಾಕ್ತಿದಾರೆ. ಬೇಗ ಬನ್ನಿ!"

ಮೂಳೆ ಡಾಕ್ಟರು ಮೂಲೆಗೆ ಸರಿದು ಅಳಿಯನನ್ನು ಸಮಾಧಾನಪಡಿಸುತ್ತಿದ್ದಾಗ ತರಬೇತುದಾರ ಕುರ್ಚಿ ಹತ್ತಿದ. "ಈಗ ನಂಬಿಕೆಯ ಪಾಠ. ನಾನು ಕಣ್ಣು ಮುಚ್ಚಿ ಹಿಂದಕ್ಕೆ ಬೀಳ್ತೀನಿ. ನೀವು ಹಿಡೀಬೇಕು."

"ನಾನು ಉಸ್ತುವಾರಿ ನೋಡ್ಕೋತೀನಿ, ನೀವು ಹಿಡೀರಿ," ಎಂದರು ಚರ್ಮದ ಡಾಕ್ಟರು.

"ಹಿಡಿಯೋದು ಕೆಳಗಿನೋರ ಕೆಲಸ. ನಾನು ದಿಕ್ಕು ತೋರಿಸ್ತೀನಿ," ಎಂದರು ಕಣ್ಣಿನ ಡಾಕ್ಟರು.

ತರಬೇತುದಾರ ಸಿಮೆಂಟಿನ ಮೂಟೆಯಂತೆ ನೆಲಕ್ಕೆ ಬಿದ್ದ. ಮಣಿಕಟ್ಟು ಲಟಕ್ ಎಂದಿತು.

"ಯಾರೂ ಗಾಬರಿಯಾಗ್ಬೇಡಿ," ಚರ್ಮದ ಡಾಕ್ಟರು ಗಂಟಲು ಸರಿಪಡಿಸಿಕೊಂಡರು. "ಮೊದಲು ನಮ್ಮ ಗುರಿ ಏನು ಅಂತ ಸ್ಪಷ್ಟ ಮಾಡ್ಕೊಳ್ಳೋಣ."

"ಅಯ್ಯೋ, ಕೈ!" ಎಂದು ಕೆಳಗಿನಿಂದ ಗುರಿ ಕೂಗಿತು.

ಮೂಳೆ ಡಾಕ್ಟರ ಸಹನೆ ಕಿತ್ತುಹೋಯಿತು. "ಬಾಯಿ ಮುಚ್ಕೊಂಡು ಕಾಲು ಹಿಡೀರಿ! ನೀವು ಸ್ಟ್ರೆಚರ್ ತನ್ನಿ! ಏಯ್, ಆ ನಿದ್ದೆಬುರುಕನ್ನ ಎಬ್ಬಿಸ್ರೋ!"

ಉಸ್ತುವಾರಿ, ದಿಕ್ಕು ಎಲ್ಲವೂ ಬಾಲ ಮುದುರಿ ಸ್ಟ್ರೆಚರ್ ತಳ್ಳಿದವು. ಥಿಯೇಟರಿನಲ್ಲಿ ತರಬೇತುದಾರನ ಕೈ ನೆಟ್ಟಗಾಯಿತು. ಒಳಗೆ ಹೊಕ್ಕದ್ದೇ ಹೊಕ್ಕೆವಲ್ಲ ಎಂದು ಡಾಕ್ಟರು ಅಜ್ಜಿಯನ್ನೂ ಕರೆಸಿ ಸೊಂಟ ಕೂಡಿಸಿಬಿಟ್ಟರು. ಹೊರಬಂದಾಗ ಅವರ ಮುಖ ಹಬೆಯಲ್ಲಿ ಬೆಂದಂತೆ ಕೆಂಪಾಗಿತ್ತು, ಮನಸ್ಸು ಹೂವಿನಷ್ಟು ಹಗುರಾಗಿತ್ತು.

ಸಂಜೆ ಎಲ್ಲರನ್ನೂ ಕೂಡಿಸಿ ನಿರ್ದೇಶಕರು ಫಲಿತಾಂಶ ಹೇಳಿದರು. "ಪಾಸಾದೋರು ಒಬ್ಬರೇ!"

ತರಬೇತುದಾರ ಉಳಿದಿದ್ದ ಒಂದು ಕೈಯನ್ನು ಮೂಳೆ ಡಾಕ್ಟರತ್ತ ಚಾಚಿದ. ಚಪ್ಪಾಳೆ ಬಿತ್ತು. ಡಾಕ್ಟರ ಕಣ್ಣು ಒದ್ದೆಯಾಯಿತು. ಥಿಯೇಟರ್ ಉಳಿಯಿತಲ್ಲ!

"ಇವತ್ತಿಂದ ನೀವು ನಮ್ಮ ನಾಯಕತ್ವ ವಿಭಾಗದ ಮುಖ್ಯಸ್ಥರು," ನಿರ್ದೇಶಕರು ಅಪ್ಪಿಕೊಂಡರು. "ಮೇಲಿನ ಮಹಡೀಲಿ ಕೋಣೆ, ತಿರುಗೋ ಕುರ್ಚಿ. ದಿನಾ ಸಭೆ, ತರಬೇತಿ, ಭಾಷಣ."

"ಮತ್ತೆ... ಆಪರೇಷನ್ನು?"

"ಛೆ ಛೆ! ನಾಯಕರು ಕೈಗೆ ರಕ್ತ ಮಾಡ್ಕೊಂಡು ನಿಂತ್ರೆ ಚೆನ್ನಾಗಿರತ್ತಾ? ಅದಕ್ಕೆಲ್ಲ ಫೇಲಾದೋರು ಇದಾರಲ್ಲ!"

ಗೊರಕೆ ಹೊಡೆದಿದ್ದ ಕಿರಿಯ ಡಾಕ್ಟರು ಬಂದು ಭಕ್ತಿಯಿಂದ ಕೈಕುಲುಕಿದರು. "ಅಭಿನಂದನೆ ಸರ್. ಬರ್ಲಾ? ಪೇಷೆಂಟ್ ಕಾಯ್ತಿದಾರೆ," ಎಂದು ಸಿಳ್ಳೆ ಹಾಕುತ್ತ ಥಿಯೇಟರಿನ ಕಡೆ ನಡೆದರು.