ಕೊಸರಾಗಿ ಬಂದ ಹನ್ನೊಂದು ಕೌದಿಗಳನ್ನು ಹಿಂಪಡೆಯುವ ಕುರಿತು

ಇಂದ: ಕಾತ್ಯಾಯಿನಿ, ಡರ್ಹಮ್ (ಮೈಸೂರಿನ ತಾಲ್ಲೂಕು ಕಚೇರಿಯಲ್ಲಿ ಆರು ವರ್ಷ ಇತರರ ಅರ್ಜಿ ತಿರಸ್ಕರಿಸಿದ ಅನುಭವ)
ಗೆ: ಡಾ. ಹರಿಪ್ರಸಾದ, ಅಧ್ಯಕ್ಷರು, ನ್ಯಾಯದ ವ್ಯಾಪಾರ ಸಮಿತಿ
ದಿನಾಂಕ: ೧೪-೧೦-೧೯೯೭
ವಿಷಯ: ಅರ್ಜಿದಾರಳೇ ಹರಡಿದ ಕೆಟ್ಟ ಪದ್ಧತಿಯನ್ನು ಮನೆಮನೆಯಿಂದ ವಾಪಸು ತರಲು ಅಪ್ಪಣೆ ಕೋರಿ
ಉಲ್ಲೇಖ: ಭಾನುವಾರ ಅರ್ಜಿದಾರಳು ಮಾಡಿದ ಭಾಷಣ, ‘ದುಡಿದವರ ಜೊತೆ ಚೌಕಾಸಿ ಸಲ್ಲದು’ (ನಲವತ್ತು ನಿಮಿಷ)

ಮಾನ್ಯರೇ,

೧. ಹುಬ್ಬಳ್ಳಿ ಕಡೆಯ ಹೆಂಗಸರ ಸಂಘದ ಪರವಾಗಿ ಕೌದಿ ಮಾರುತ್ತ ಈ ದೇಶದ ಊರೂರು ಸುತ್ತುತ್ತಿರುವ ಮಲ್ಲಮ್ಮನವರು ಭಾಷಣ ಮುಗಿದೊಡನೆ ಅಂಗಡಿ ತೆರೆದರು. ಸದರಿ ಅರ್ಜಿದಾರಳು ಎಲ್ಲರಿಗೂ ಮಾದರಿಯಾಗಲೆಂದು ಮುಂದೆ ನಿಂತು, ದೊಡ್ಡ ಕೌದಿಯೊಂದಕ್ಕೆ ಹೇಳಿದಷ್ಟೂ ಬೆಲೆ ಕೊಟ್ಟಳು. ಚಪ್ಪಾಳೆ ಬಿತ್ತು.

೨. ಆದರೆ ದೇವರಾಜ ಮಾರುಕಟ್ಟೆಯಲ್ಲಿ ಪಳಗಿದ ನಾಲಗೆ ಸುಮ್ಮನಿದ್ದೀತೆ? “ಕೊಸರು ಹಾಕಿ” ಎಂದುಬಿಟ್ಟಿತು. ಮಲ್ಲಮ್ಮನವರು ನಕ್ಕು, “ತಗೋರಿ ಅಕ್ಕಾರ” ಎಂದು ಕೂಸಿನ ಕೌದಿಯೊಂದನ್ನು ಮೇಲಿಟ್ಟರು.

೩. ಸಾಲಿನಲ್ಲಿ ಹಿಂದಿದ್ದ ಶೀಲಾ, “ಓ, ಬಾರ್ಗೇನ್ ಮಾಡಬಾರ್ದು, ಕೊಸರು ಕೇಳಬಹುದು! ಓಕೆ” ಎಂದರು. ಕಾರಣ, ಅರ್ಜಿದಾರಳೂ ಸೇರಿ ಹನ್ನೊಂದು ಮಂದಿ ಕೊಸರು ಪಡೆದರು. ನಲವತ್ತು ನಿಮಿಷದಲ್ಲಿ ಯಾರೂ ಕಲಿಯದ್ದನ್ನು ಎರಡು ಮಾತಿನಿಂದ ಎಲ್ಲರೂ ಕಲಿತರು. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ ಎಂದು ಹಿರಿಯರು ಅಂದದ್ದು ಅರ್ಜಿದಾರಳನ್ನು ನೋಡಿಯೇ ಇರಬೇಕು.

೪. ಅಂಗಡಿ ಮಡಚುವಾಗ ಸಣ್ಣ ಕೌದಿಗೆ ಎಷ್ಟು ದಿನ ಹಿಡಿಯುತ್ತದೆಂದು ವಿಚಾರಿಸಲಾಯಿತು. “ಎಂಟ ದಿನ ಬೇಕರಿ. ಲಾರೆನ್ಸ್‌ವಿಲ್‌ನ್ಯಾಗ ಮಾರಾಕಂತ ತಂದಿದ್ದೆ.” ಶನಿವಾರ ಅಲ್ಲಿ ಅಂಗಡಿ; ಸಣ್ಣ ಕೌದಿ ಒಂದೂ ಉಳಿದಿಲ್ಲ. ಹೊಲಿದವರಿಗೆ ಅವರು ಏನೆಂದು ಹೇಳಬೇಕು? ಅರ್ಜಿದಾರಳಿಗೆ ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ಚೆಕ್ ಬರೆಯಹೋದರೆ, “ಕೊಸರಿಗೆ ರೊಕ್ಕ ತಗೊಂಡ್ರ ನಮ್ಮ ಮರ್ಯಾದಿ ಏನ ಉಳೀತರಿ? ಕೌದಿ ತಂದಕೊಟ್ರ ಬ್ಯಾಡ ಅನ್ನಂಗಿಲ್ಲ” ಎಂದರು.

೫. ಆದ್ದರಿಂದ, ಶುಕ್ರವಾರದೊಳಗೆ ಹನ್ನೊಂದು ಮನೆಗೂ ಹೋಗಿ ಕೌದಿ ಹಿಂದಕ್ಕೆ ಪಡೆಯಲು ತಮ್ಮ ಸಹಿಯುಳ್ಳ ಆದೇಶ ಬೇಕಾಗಿದೆ. ಬರೀ ಮಾತಿಗೆ ಯಾರೂ ಬಗ್ಗರು. ಮೊದಲ ಮನೆ ಅರ್ಜಿದಾರಳದೇ. ಅಲ್ಲಿ ಆರು ವರ್ಷದ ಮಗಳು ಇಶಾ ಕೌದಿ ಸುತ್ತಿಕೊಂಡು, “ನೋ ಅಮ್ಮಾ! ಅಜ್ಜಿ ಗೇವ್ ಇಟ್ ಟು ಮೀ” ಎನ್ನುತ್ತಿದ್ದಾಳೆ (ಅಜ್ಜಿಯೆಂದರೆ ಮಲ್ಲಮ್ಮನವರು).

ತಮ್ಮ ವಿಶ್ವಾಸ ಇನ್ನೂ ಪೂರ್ತಿ ಕಳೆದುಕೊಂಡಿಲ್ಲವೆಂದು ನಂಬಿರುವ,
ಕಾತ್ಯಾಯಿನಿ

ಲಗತ್ತುಗಳು:
೧. ಭಾಷಣದ ಪ್ರತಿ (ಮತ್ತೆ ಬಳಸಬಾರದು)
೨. ಹನ್ನೊಂದು ವಿಳಾಸಗಳು

ವಿ.ಸೂ.: ಮಗಳಿಗೆ ಕನ್ನಡ ಓದಲು ಬಾರದು. ಕಾರಣ, ಆದೇಶದ ಒಂದು ಪ್ರತಿ ಇಂಗ್ಲಿಷಿನಲ್ಲಿರಲಿ. ಅದನ್ನು ತಾವೇ ಬಂದು ಓದಿ ಹೇಳಬೇಕಾಗಿ ಪ್ರಾರ್ಥನೆ. ಅರ್ಜಿದಾರಳ ಕೈಲಿ ಆಗದು.